ಇಂದ್ರಾಣಿಯ ‘ಆಗಲಿ’

ಈ ಕಥೆ ಹೇಳಲು ಹೊರಟದ್ದಕ್ಕೆ ಮೊದಲು ಕ್ಷಮೆ ಕೇಳಬೇಕು. ಇದನ್ನು ನನಗಿಂತ ಚೆನ್ನಾಗಿ ಹೇಳಬಲ್ಲವರು ನಮ್ಮ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಪುರುಸೊತ್ತಿಲ್ಲ. ನಾನು ಓದಿದ್ದು ಸಂಜೆ ಕಾಲೇಜಿನಲ್ಲಿ. ಹಗಲು ಓದಿದವರಿಗೆ ಇರುವ ಧೈರ್ಯ ಸಂಜೆ ಓದಿದವರಿಗೆ ಇರುವುದಿಲ್ಲ. ಒಂದು ವಾಕ್ಯ ಬರೆದರೆ, ಇದನ್ನು ಮೇಷ್ಟ್ರು ಹೇಳಿದ್ದರೋ ಅಥವಾ ನಾನೇ ತೂಕಡಿಕೆಯಲ್ಲಿ ಕೇಳಿಸಿಕೊಂಡೆನೋ ಎಂಬ ಅನುಮಾನ ಬಿಡುವುದಿಲ್ಲ. ಸಾಲದ್ದಕ್ಕೆ ಕ್ಷಮೆ ಕೇಳುವುದೇ ನನ್ನ ಕಸುಬು. ಮಳಿಗೆಯಲ್ಲಿ ‘ಎಲ್ಲ ಸಂದರ್ಭಕ್ಕೂ ಕ್ಷಮಾಪಣೆ ಪತ್ರಗಳು’ ಎಂಬ ಹೆಸರಿನಲ್ಲಿ ಮಾರಾಟಕ್ಕಿರುವ ಸರಕು ನನ್ನದು. ಆದ್ದರಿಂದ ಮೇಲೆ ಕೇಳಿದ ಕ್ಷಮೆ ನನ್ನದೋ ಸರಕಿನದೋ ಎಂದು ನಿಮಗೆ ಅನ್ನಿಸಿದರೆ, ಅದಕ್ಕೂ ಕ್ಷಮೆ ಇರಲಿ.

ಮಳಿಗೆ ಅಂದರೆ ಫೋನಿನೊಳಗಿನ ಮಳಿಗೆ. ಹಿಂದೆ ನಮ್ಮ ಊರಿನಲ್ಲಿ ದರ್ಜಿಗಳು, ಕ್ಷೌರಿಕರು, ಸೈಕಲ್ ರಿಪೇರಿಯವರು, ಏನೂ ಮಾಡದವರು ಎಲ್ಲ ಇದ್ದರು. ಈಗ ಎಲ್ಲರೂ ಕ್ರಿಯೇಟರ್‌ಗಳು. ಒಬ್ಬರು ರಂಗೋಲಿಯ ನಮೂನೆ ಮಾರುತ್ತಾರೆ, ಒಬ್ಬರು ಯೋಗದ ಪಾಠ, ಒಬ್ಬರು ಮದುವೆ ಕರೆಯೋಲೆಯ ವಿನ್ಯಾಸ. ವಸ್ತು ಕೈಯಲ್ಲಿ ಹಿಡಿಯುವಂಥದ್ದಲ್ಲ, ಮಾರಿದರೂ ಮುಗಿಯುವುದಿಲ್ಲ. ಕೊಂಡವರು ಫೋನಿಗೆ ಇಳಿಸಿಕೊಂಡರೆ ಆಯಿತು. ‘ನೀವು ಮಲಗಿದ್ದಾಗಲೂ ನಿಮ್ಮ ಸರಕು ದುಡಿಯುತ್ತದೆ’ ಎಂದು ಮಳಿಗೆಯವರು ಬಸ್‌ಸ್ಟ್ಯಾಂಡಿನ ಗೋಡೆ ತುಂಬ ಬರೆಸಿದ್ದಾರೆ. ಅದರಲ್ಲಿ ಸುಳ್ಳೇನೂ ಇಲ್ಲ. ಸರಕು ದುಡಿಯುವಾಗ ನೀವೂ ಜೊತೆಗೆ ಎದ್ದಿರಬೇಕು ಎಂಬುದನ್ನು ಬರೆಸಲು ಗೋಡೆ ಸಾಲಲಿಲ್ಲವೇನೋ.

ಯಾವುದೋ ದೂರದ ಊರಿನಲ್ಲಿ ಯಾರೋ ಸೀಬಯ್ಯನ ಯೋಗದ ಪಾಠ ತೆರೆದರೆ, ಸೀಬಯ್ಯ ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರೂ ಚೀಲ ಕೆಳಗಿಟ್ಟು ಸೂರ್ಯನಮಸ್ಕಾರ ಶುರು ಮಾಡುತ್ತಾನೆ. ಹಿಂದಿನವರು ಒಂದು ಹೆಜ್ಜೆ ಸರಿದು ಜಾಗ ಬಿಡುತ್ತಾರೆ. ಮುಂದಿನವರು, “ಸೀಬಣ್ಣ, ಕಾಲು ಆ ಕಡೆ ನೀಡು, ಎಣ್ಣೆ ಡಬ್ಬ ಅದೆ,” ಅನ್ನುತ್ತಾರೆ. ಬೋರಪ್ಪ ಮಾರುವುದು ನಗು. ಹಾಸ್ಯದ ವಿಡಿಯೋ ಮಾಡುವವರು ಹಿನ್ನೆಲೆಗೆ ಹಾಕಿಕೊಳ್ಳಲು ಎಂದು ಅವನು ನಾನಾ ಬಗೆಯಲ್ಲಿ ನಕ್ಕು ಮಳಿಗೆಗೆ ಹಾಕಿದ್ದಾನೆ. ಯಾರೋ ಅದನ್ನು ಹಾಕಿಕೊಂಡರೆ ಸಾವಿನ ಮನೆಯಲ್ಲೂ ಹೆಣದ ಪಕ್ಕ ಕೂತು ಹೊಟ್ಟೆ ಹಿಡಿದುಕೊಂಡು ನಗುತ್ತಾನೆ. ಸತ್ತವರ ಹೆಂಡತಿಯೇ ಬೆನ್ನು ಸವರಿ, “ಇರ್ಲಿ ಬಿಡು ಬೋರಣ್ಣ, ಎಲ್ಲೋ ಯಾರ್ಗೋ ಖುಷಿಯಾಯ್ತಲ್ಲ,” ಎಂದು ಸಮಾಧಾನ ಮಾಡಿದ್ದನ್ನು ನಾನೇ ನೋಡಿದ್ದೇನೆ. ನನ್ನದು ಅಷ್ಟು ಓಡುವ ಸರಕಲ್ಲ. ಎಂದಾದರೊಮ್ಮೆ ಬಲಗೈ ತಾನಾಗಿ ಎದ್ದು ಗಾಳಿಯಲ್ಲಿ ‘ಮಾನ್ಯರೇ, ನನ್ನಿಂದಾದ ಪ್ರಮಾದಕ್ಕೆ’ ಎಂದು ಬರೆಯತೊಡಗುತ್ತದೆ. ಊಟಕ್ಕೆ ಕೂತಾಗ ಹೀಗಾದರೆ ಸಾರು ಗೋಡೆಗೆ ಹಾರುತ್ತದೆ.

ಇದಕ್ಕೆಲ್ಲ ಊರಿನವರು ಒಂದು ಮರ್ಯಾದೆ ಕಂಡುಕೊಂಡಿದ್ದಾರೆ. ನಿಮ್ಮಿಂದ ಹೊರಟದ್ದು ಗಿರಾಕಿಯದಾಗಿದ್ದರೆ, ಆದ ಕೂಡಲೇ ಎಡಗಿವಿ ಮುಟ್ಟಿಕೊಳ್ಳಬೇಕು. ಮುಟ್ಟಿದರೆ ಎದುರಿಗಿದ್ದವರು ಆ ಮಾತನ್ನು ಕೇಳಲಿಲ್ಲವೆಂದು, ಆ ನಗುವನ್ನು ನೋಡಲಿಲ್ಲವೆಂದು ಲೆಕ್ಕ. ಮುಟ್ಟದಿದ್ದರೆ ಅದು ನಿಮ್ಮದು, ಅದಕ್ಕೆ ನೀವೇ ಜವಾಬ್ದಾರರು. ಆದರೆ ಎದುರಿಗಿದ್ದವರು ತಾವಾಗಿ, “ಇದು ನಿಮ್ದಾ, ಗಿರಾಕಿದಾ?” ಎಂದು ಕೇಳುವಂತಿಲ್ಲ. ನಮ್ಮ ಊರಿನಲ್ಲಿ ತಾಯಿಯನ್ನು ಬೈದರೂ ಒಂದು ವಾರಕ್ಕೆ ರಾಜಿಯಾಗುತ್ತದೆ. ಈ ಪ್ರಶ್ನೆ ಕೇಳಿದ್ದಕ್ಕೆ ಅಣ್ಣತಮ್ಮಂದಿರು ಪಾಲಾಗಿದ್ದಾರೆ, ಗಂಡಹೆಂಡಿರು ಬೇರೆ ಬೇರೆ ಒಲೆ ಹೂಡಿದ್ದಾರೆ.

ಇಂದ್ರಾಣಿ ದರ್ಜಿ. ಸಂತೆಬೀದಿಯ ತಿರುವಿನಲ್ಲಿ ಅವಳ ಸೋದರತ್ತೆ ಪುಟ್ಟಗೌರಮ್ಮನ ಮನೆಯಿದೆ, ಅದರ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದಾಳೆ. ಚಿಕ್ಕಂದಿನಲ್ಲೇ ತಂದೆತಾಯಿ ಇಲ್ಲದವಳನ್ನು ಸಾಕಿದವಳು ಆ ಅತ್ತೆ. ಸಾಕಿದ್ದನ್ನು ದಿನಕ್ಕೊಮ್ಮೆಯಾದರೂ ಜ್ಞಾಪಿಸುವ ಸೌಜನ್ಯ ಅತ್ತೆಗೆ ಇತ್ತು. ಇಂದ್ರಾಣಿ ಮಳಿಗೆಗೆ ಹಾಕಿದ್ದು ತನ್ನ ದನಿ. ಜಾಹೀರಾತು ಮಾಡುವವರಿಗೆ, ಕಥೆ ಕಟ್ಟುವವರಿಗೆ, ಫೋನಿನಲ್ಲಿ ಉತ್ತರ ಕೊಡುವ ಯಂತ್ರಗಳಿಗೆ ಬೇಕಾಗುವ ಸಣ್ಣಸಣ್ಣ ಮಾತುಗಳು: ‘ಬನ್ನಿ ಬನ್ನಿ’, ‘ಊಟ ಆಯ್ತಾ?’, ‘ಅಯ್ಯೋ ಪಾಪ’, ‘ಬೇಡ’, ‘ಆಗಲಿ’. ಸರಕಿನ ಹೆಸರು ‘ಮನೆಮಾತು’. ಅದು ಯಾವ ಪರಿ ಓಡಿತೆಂದರೆ, ಅವಳು ಖಾಲಿ ಗೋಡೆಗೆ ‘ಊಟ ಆಯ್ತಾ?’ ಎಂದು ಕೇಳಿ ಎಡಗಿವಿ ಮುಟ್ಟಿಕೊಳ್ಳುವುದು, ದಾರಿಹೋಕರು ಪಾಪ ಎಂದುಕೊಂಡು “ಆಯ್ತು ತಾಯಿ” ಎಂದು ಹೇಳಿ ಹೋಗುವುದು ಸಂತೆಬೀದಿಗೆ ರೂಢಿಯಾಗಿಬಿಟ್ಟಿತು.

ಹಬ್ಬದ ಸಮಯದಲ್ಲಿ ಮಳಿಗೆಯವರು ಅವಳಿಗೆ ಇನ್ನೂ ಒಂದು ಉಪಕಾರ ಮಾಡಿದರು. ಇದ್ದ ಮಾತುಗಳು ಗಿರಾಕಿಗಳಿಗೆ ಸಾಲುವುದಿಲ್ಲವೆಂದು, ಇನ್ನು ಮುಂದೆ ಕೊಂಡವರು ಏನು ಟೈಪು ಮಾಡಿದರೂ ಅದು ಇಂದ್ರಾಣಿಯ ದನಿಯಲ್ಲೇ ಬರುವ ಸೌಲಭ್ಯ ಕೊಟ್ಟರು. ಅವಳನ್ನು ಕೇಳಲಿಲ್ಲ, ಅಭಿನಂದಿಸಿದರು. ಅಂದಿನಿಂದ ಅವಳು ರವಿಕೆಯ ಅಳತೆ ತೆಗೆಯುತ್ತ ತೆಗೆಯುತ್ತಲೇ, “ಎರಡು ಸೋಪು ಕೊಂಡರೆ ಬಕೆಟ್ಟು ಉಚಿತ” ಅನ್ನತೊಡಗಿದಳು. ಪಕ್ಕದ ಬೀದಿಯ ಮುದುಕಿಯೊಬ್ಬಳು ಬಕೆಟ್ಟಿಗಾಗಿ ಎರಡು ದಿನ ಬಂದು ಜಗಲಿಯಲ್ಲಿ ಕೂತಿದ್ದಳು.

ನಾನು ಅವಳ ಬಳಿಗೆ ಹೋಗುತ್ತಿದ್ದದ್ದು ಅಂಗಿಯ ಕಾಲರ್ ತಿರುಗಿಸಿ ಹೊಲಿಸಲು. ಸವೆದ ಕಾಲರ್ ಬಿಚ್ಚಿ ಒಳಭಾಗ ಹೊರಗೆ ಮಾಡಿ ಹೊಲಿದರೆ ಅಂಗಿ ಇನ್ನೊಂದು ವರ್ಷ ಬರುತ್ತದೆ. ನನಗಿರುವ ಅಂಗಿಗಳು ಕಡಿಮೆ, ಅವುಗಳ ಕಾಲರೆಲ್ಲ ಒಂದೇ ವರ್ಷದಲ್ಲಿ ಮುಗಿದುಹೋದವು. ಆಮೇಲೆ ಚೆನ್ನಾಗಿರುವ ಕಾಲರನ್ನೂ ತಿರುಗಿಸಿಕೊಡಿ ಎಂದು ಒಯ್ದೆ.

“ಮೇಷ್ಟ್ರೇ, ಇದು ಸವೆದೇ ಇಲ್ವಲ್ಲ,” ಅಂದಳು. ನಾನು ಯಾರಿಗೂ ಪಾಠ ಹೇಳಿದವನಲ್ಲ. ಕನ್ನಡಕ ಇದೆ, ಮಾತಿನ ನಡುವೆ ತಡವರಿಸುತ್ತೇನೆ, ಮೇಷ್ಟ್ರು ಅನ್ನಲು ನಮ್ಮ ಊರಿಗೆ ಅಷ್ಟು ಸಾಕು.

“ಮುಂದೆ ಸವೀಬಹುದು ಅಂತ,” ಅಂದೆ.

“ಮುಂದಾಲೋಚನೆ ಜಾಸ್ತಿ ನಿಮ್ಗೆ,” ಎಂದು ನಕ್ಕು ಅಂಗಿ ಈಸಿಕೊಂಡಳು. ಕಿವಿ ಮುಟ್ಟಿಕೊಳ್ಳಲಿಲ್ಲ. ಆ ನಗು ನನಗೇ ಸೇರಿದ್ದು ಎಂದು ನಾನು ಮನೆಯವರೆಗೂ ಲೆಕ್ಕ ಹಾಕಿಕೊಂಡು ಹೋದೆ.

ಹೀಗೆ ಒಂದು ದಿನ ಧೈರ್ಯ ಮಾಡಿದೆ. ಅವಳು ಯಂತ್ರದ ಮುಂದೆ ಕೂತು ಉದ್ದನೆಯ ಪರದೆಯೊಂದರ ಅಂಚು ಹೊಲಿಯುತ್ತಿದ್ದಳು. ಪಾದ ತುಳಿಯುತ್ತಿತ್ತು, ಎರಡೂ ಕೈ ಬಟ್ಟೆಯ ಮೇಲಿದ್ದವು. ಕೇಳಬೇಕಾದ ಮಾತನ್ನು ನಾನು ಅಭ್ಯಾಸ ಮಾಡಿಕೊಂಡೇ ಹೋಗಿದ್ದೆ, ಬಾಯಿಗೆ ಬಂದದ್ದು ಬೇರೆ.

“ಇಂದ್ರಾಣಿ ಅವ್ರೇ, ಕಾಲರಿಗೋಸ್ಕರ ಇಷ್ಟು ದೂರ ಬರೋದು, ಹೋಗೋದು... ಅದರ ಬದಲು ಒಂದೇ ಮನೇಲಿ ಇದ್ರೆ... ಅಂದ್ರೆ ನಿಮಗೆ ಒಪ್ಪಿಗೆ ಆದ್ರೆ ಮದುವೆ... ನಾನು ವೀಳ್ಯ ತಗೊಂಡು ಬರ್ಲಾ?”

“ಆಗಲಿ,” ಅಂದಳು.

ಯಂತ್ರ ನಿಲ್ಲಲಿಲ್ಲ. ಪರದೆ ಹರಿಯುತ್ತಲೇ ಇತ್ತು. ಅಂಚು ಮುಗಿದ ಮೇಲೆ ದಾರ ಕಡಿದಳು, ಎಡಗೈ ಎತ್ತಿ ಮುಂದೆ ಬಿದ್ದಿದ್ದ ಕೂದಲನ್ನು ಕಿವಿಯ ಹಿಂದಕ್ಕೆ ಸೇರಿಸಿದಳು. ಆಮೇಲೆ, “ಮೇಷ್ಟ್ರೇ, ಈ ಅಂಗೀದು ಒಂದು ಗುಂಡಿ ಕಿತ್ತೋಗಿದೆ, ಹಾಕ್ಬಿಡ್ತೀನಿ,” ಅಂದಳು.

ಬೇರೆ ಯಾವನಾದರೂ ಆಗಿದ್ದರೆ ಅಲ್ಲಿಂದ ಸೀದಾ ಎಲೆ ಅಂಗಡಿಗೆ ಓಡುತ್ತಿದ್ದ. ನಾನು ಮನೆಗೆ ಬಂದು ಯೋಚನೆಗೆ ಕೂತೆ. ‘ಆಗಲಿ’ ಅವಳ ಸರಕಿನಲ್ಲಿರುವ ಮಾತು, ಅದರಲ್ಲೂ ಬಹಳ ಖರ್ಚಾಗುವ ಮಾತು. ಅವಳ ಎರಡೂ ಕೈ ಬಟ್ಟೆಯ ಮೇಲಿದ್ದವು, ಬೇಕೆಂದರೂ ಆಗ ಕಿವಿ ಮುಟ್ಟಿಕೊಳ್ಳುವಂತಿರಲಿಲ್ಲ. ಆಮೇಲೆ ಮುಟ್ಟಿದಳು. ಆದರೆ ಅದು ಕಿವಿಯೋ ಕೂದಲೋ? ಕೂದಲನ್ನು ಕಿವಿಯ ಹಿಂದೆ ಸೇರಿಸುವಾಗ ಕಿವಿಗೆ ಬೆರಳು ತಾಗಲೇಬೇಕು. ತಾಗಿದ್ದು ಮುಟ್ಟಿದ ಹಾಗೋ ಅಲ್ಲವೋ? ಒಪ್ಪದ ಹೆಂಗಸಿನ ಮನೆಗೆ ವೀಳ್ಯ ಹೊತ್ತುಕೊಂಡು ಹೋಗುವುದು ಎಂಥ ಅನ್ಯಾಯ! ಒಪ್ಪಿದವಳ ಮನೆಗೆ ಹೋಗದೆ ಇರುವುದೂ ಅನ್ಯಾಯವೇ ಎಂಬುದು ನನಗೆ ಹೊಳೆಯದೆ ಇರಲಿಲ್ಲ. ಆದರೆ ಎರಡು ಅನ್ಯಾಯಗಳ ನಡುವೆ ಸುಮ್ಮನೆ ಕೂರಬಹುದಾದ್ದನ್ನು ಆರಿಸಿಕೊಳ್ಳುವುದು ನನ್ನ ಸ್ವಭಾವ.

ವಾರ ಕಳೆಯಿತು. ಅವಳೇ ಒಂದು ದಿನ ಬಾಗಿಲಲ್ಲಿ ನಿಂತು, “ಮೇಷ್ಟ್ರೇ, ಏನೋ ತಗೊಂಡು ಬರ್ತೀನಿ ಅಂತಿದ್ರಿ?” ಅಂದಳು.

ಇದಕ್ಕಿಂತ ಸ್ಪಷ್ಟವಾಗಿ ಯಾರೂ ಹೇಳಲಾರರು. ಆದರೆ ತರಕಾರಿಯವನು ಮನೆ ಬಾಗಿಲಿಗೆ ಬರುವ ಆ್ಯಪಿನ ಜಾಹೀರಾತಿನಲ್ಲೂ ಇಂಥದೇ ಒಂದು ಮಾತು ಇದೆಯಲ್ಲ ಎಂದು ನನಗೆ ಆ ಕ್ಷಣದಲ್ಲೇ ನೆನಪಾಗಬೇಕೇ! ಅವಳ ಕೈ ನೋಡಿದೆ, ಒಂದು ಕೈಯಲ್ಲಿ ಕತ್ತರಿ, ಇನ್ನೊಂದರಲ್ಲಿ ಬಟ್ಟೆ.

“ಗುಂಡಿ ಚೆನ್ನಾಗಿ ಕೂತಿದೆ,” ಅಂದೆ.

ಅವಳು “ಸಂತೋಷ,” ಎಂದು ಒಳಗೆ ಹೋದಳು.

ಆಮೇಲೆ ನಾನು ಮಾಡಿದ್ದು ನಮ್ಮ ಊರಿನವನು ಮಾತ್ರ ಮಾಡಬಹುದಾದ ಕೆಲಸ. ‘ಮನೆಮಾತು’ ಸರಕನ್ನು ಕೊಂಡೆ. ಅದರಲ್ಲಿರುವ ‘ಆಗಲಿ’ಯ ದನಿ ಕೇಳುವುದು, ನನಗೆ ಹೇಳಿದ ‘ಆಗಲಿ’ಯ ಜೊತೆ ಹೋಲಿಸುವುದು, ಒಂದಿಷ್ಟಾದರೂ ವ್ಯತ್ಯಾಸ ಇದ್ದರೆ ಅದೇ ದಿನ ವೀಳ್ಯ ಒಯ್ಯುವುದು. ಇಲ್ಲಿ ನಾನು ಒತ್ತಿದರೆ ಅಲ್ಲಿ ಅವಳ ಬಾಯಿಂದ ಆ ಮಾತು ಬರುತ್ತದೆ ಎಂಬುದು ಗೊತ್ತಿತ್ತು. ಅದಕ್ಕೇ ಮಧ್ಯಾಹ್ನ ಅವಳು ಒಬ್ಬಳೇ ಇರುವ ಹೊತ್ತನ್ನು ನೋಡಿಕೊಂಡೆ. ಅಷ್ಟು ಜಾಗ್ರತೆಯ ಮನುಷ್ಯ ನಾನು.

ಒತ್ತಿದೆ. ಫೋನು ‘ಆಗಲಿ’ ಅಂದಿತು. ನನಗೆ ಹೇಳಿದಂತೆಯೇ ಇತ್ತು. ಗಂಟಲು ಒಂದೇ ಆದ ಮೇಲೆ ಬೇರೆ ಹೇಗೆ ಇರುತ್ತದೆ ಎಂದು ಕೊಳ್ಳುವ ಮೊದಲೇ ಯೋಚಿಸುವ ಬುದ್ಧಿಯನ್ನು ಸಂಜೆ ಕಾಲೇಜು ನನಗೆ ಕೊಟ್ಟಿರಲಿಲ್ಲ.

ಆ ಹೊತ್ತಿನಲ್ಲಿ ಅಂಗಡಿಯಲ್ಲಿ ಇಂದ್ರಾಣಿ ಒಬ್ಬಳೇ ಇರಲಿಲ್ಲ. ಪುಟ್ಟಗೌರಮ್ಮ ಹೊಸ ರವಿಕೆಯ ಅಳತೆ ಕೊಡಲು ಬಂದು ನಿಂತಿದ್ದಳು. ಆಕೆಯ ಸುತ್ತಳತೆಗೆ ಟೇಪನ್ನು ಎರಡೂ ಕೈಯಲ್ಲಿ ಹಿಡಿದು ಬಳಸಬೇಕು. ಇಂದ್ರಾಣಿ ಹಾಗೆ ಬಳಸಿ ನಿಂತಿದ್ದಾಗ ಅತ್ತೆ ಕೇಳಿದಳಂತೆ, “ಹೊಂಬಾಳಯ್ಯನೋರು ಮತ್ತೆ ಹೇಳಿ ಕಳ್ಸವ್ರೆ ಕಣೆ. ಮದ್ವೆಗೆ ಹೂಂ ಅಂತೀಯೋ, ಇಲ್ಲ ನನ್ನ ತಲೆ ಮೇಲೇ ಕೂತಿರ್ತೀಯೋ?”

“ಆಗಲಿ,” ಅಂದಳು ಇಂದ್ರಾಣಿ.

ಕೂಡಲೇ ಟೇಪು ಬಿಸಾಕಿದಳು. ಗಾಬರಿಯಲ್ಲಿ ಒಂದು ಕಿವಿ ಮುಟ್ಟುವ ಬದಲು ಎರಡೂ ಕಿವಿ ಮುಟ್ಟಿಕೊಂಡಳು. ಎಡಗಿವಿಯೊಂದನ್ನೇ ಮುಟ್ಟಿಕೊಂಡರೆ ಗಿರಾಕಿ. ಎರಡೂ ಕಿವಿ ಹಿಡಿದುಕೊಂಡರೆ ಅದು ದೇವರಿಗೆ ತಪ್ಪಾಯಿತು ಅನ್ನುವುದು, ಅದಕ್ಕೂ ಮಳಿಗೆಗೂ ಸಂಬಂಧವಿಲ್ಲ. “ಒಪ್ಕೊಂಡು, ಇಷ್ಟು ದಿನ ಕಾಯಿಸಿದ್ದಕ್ಕೆ ದೇವ್ರಿಗೆ ತಪ್ಪೊಪ್ಕೊಂಡ್ಳು ನಮ್ಮುಡುಗಿ,” ಎಂದು ಅತ್ತೆ ಅಳತೆಯನ್ನೂ ಕೊಡದೆ ಬೀದಿಗೆ ಇಳಿದಳು.

“ಅತ್ತೆ, ಬೇಡ, ಅದು ನಾನಂದಿದ್ದಲ್ಲ!” ಎಂದು ಇಂದ್ರಾಣಿ ಹಿಂದೆ ಓಡಿದಳು.

“‘ಬೇಡ’ ಅನ್ನೋದೂ ನಿನ್ ಸರಕಲ್ಲಿ ಅದೆ ಕಣೆ. ಈಗ ನೀನು ಏನಂದ್ರೂ ಸರಕೇ. ಯಾವನೋ ಗಿರಾಕಿ ಬೇಡ ಅಂತವ್ನೆ, ಅವ್ನ ಮಾತು ನಾನ್ಯಾಕೆ ಕೇಳ್ಲಿ?” ಅಂದಳು ಅತ್ತೆ. ನಮ್ಮಂಥವರು ಹೀಗೆ ಅಂದರೆ ಅವಮಾನ. ಹಿರಿಯರು ಅಂದರೆ ಬುದ್ಧಿವಾದ.

ಹೊಂಬಾಳಯ್ಯನ ಬಗ್ಗೆ ಹೇಳಬೇಕು. ಅವನು ನಮ್ಮ ಊರಿನ ಕ್ರಿಯೇಟರ್‌ಗಳ ಸಂಘದ ಅಧ್ಯಕ್ಷ, ಹೆಂಡತಿ ತೀರಿಕೊಂಡವನು. ಮಾರುವುದು ‘ಗೆಲುವಿನ ಗುಟ್ಟು’ ಎಂಬ ಭಾಷಣಮಾಲೆ. ಅದನ್ನು ಈವರೆಗೆ ಕೊಂಡವರಿದ್ದರೆ ಅವರು ತೆರೆದಿಲ್ಲ, ಯಾಕೆಂದರೆ ಅವನ ಕೈ ಕಿವಿಗೆ ಹೋದದ್ದನ್ನು ಯಾರೂ ಕಂಡಿಲ್ಲ. ಆಡಿದ ಮಾತೆಲ್ಲ ತನ್ನದೇ ಆಗಿರುವ ಏಕೈಕ ಗಣ್ಯ ನಮ್ಮ ಊರಿನಲ್ಲಿ ಅವನು, ಆ ಮಾತುಗಳನ್ನು ಕೇಳಿದರೆ ಗಿರಾಕಿಗಳ ತೀರ್ಪು ಸರಿಯೇ ಅನ್ನಿಸುತ್ತದೆ. ಇಂದ್ರಾಣಿಯ ದನಿ, ತನ್ನ ಮಾತು ಎರಡನ್ನೂ ಸೇರಿಸಿ ‘ಜೋಡಿ ಪ್ಯಾಕೇಜು’ ಮಾಡಿದರೆ ಮಳಿಗೆಯ ಮುಖಪುಟದಲ್ಲೇ ಬರಬಹುದೆಂದು ಅವನು ಬಹಿರಂಗವಾಗಿಯೇ ಹೇಳಿಕೊಂಡು ತಿರುಗುತ್ತಿದ್ದ. ಮದುವೆಗೆ ಅಷ್ಟು ಸ್ಪಷ್ಟವಾದ ಕಾರಣ ನನಗೂ ಇರಲಿಲ್ಲ. ಪುಟ್ಟಗೌರಮ್ಮನಿಗೆ ಸಂಘದ ಮಹಿಳಾ ವಿಭಾಗದ ಪೀಠ ಕೊಡುವುದೆಂದು ಆಗಲೇ ಮಾತಾಗಿತ್ತು.

ಸುದ್ದಿ ಕೇಳಿದ ಸಂಜೆಯೇ ನಾನು ಅಂಗಡಿಗೆ ಹೋದೆ. ಇಂದ್ರಾಣಿ ಬಟ್ಟೆ ಕತ್ತರಿಸುತ್ತಿದ್ದಳು. ಒಮ್ಮೆ ನೋಡಿ ಮತ್ತೆ ಕತ್ತರಿಸತೊಡಗಿದಳು.

“ಇವತ್ತು ಮಧ್ಯಾಹ್ನದ್ದು,” ಅಂದೆ, “ಆ ಗಿರಾಕಿ... ನಾನು.”

ಕತ್ತರಿ ನಿಂತಿತು.

“ಅವತ್ತು ನೀವು ನನಗೆ ಅಂದಿದ್ದು ನೀವೇ ಅಂದಿದ್ದೋ ಅಂತ ತಿಳ್ಕೊಳ್ಳೋಣ ಅಂತ... ನಿಮಗೆ ತೊಂದ್ರೆ ಆಗ್ಬಾರ್ದು ಅಂತ್ಲೇ ಹೊತ್ತು ನೋಡಿ...”

ಅವಳು ಬಾಯಿ ತೆರೆಯಲಿಲ್ಲ. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಮೇಜಿನ ಮೇಲಿದ್ದ ಕಪ್ಪು ಅಸ್ತರಿಯ ಬಟ್ಟೆಯ ಮೇಲೆ ಬರೆದಳು: ‘ಮೊದಲು ಅನುಮಾನ, ಆಮೇಲೆ ಪರೀಕ್ಷೆ. ಪಾಸಾದೆನಾ?’

“ಕ್ಷಮಿಸಿ,” ಅಂದೆ. ಎಂಥ ಗ್ರಹಚಾರವೋ, ಅದೇ ಕ್ಷಣದಲ್ಲಿ ಎಲ್ಲೋ ಯಾರೋ ನನ್ನ ಸರಕು ತೆರೆದರು. ತಿಂಗಳಿಗೊಮ್ಮೆ ಏಳುವ ಬಲಗೈ ಆಗಲೇ ಎದ್ದು ಅವಳ ಮುಖದ ಮುಂದೆ ‘ಮಾನ್ಯರೇ, ನನ್ನಿಂದಾದ ಪ್ರಮಾದಕ್ಕೆ’ ಎಂದು ಬರೆಯತೊಡಗಿತು. ನಾನು ಎಡಗೈಯಲ್ಲಿ ಅದನ್ನು ಹಿಡಿದುಕೊಂಡೆ. ಈಗ ಕಿವಿ ಮುಟ್ಟಿಕೊಂಡರೆ ಬಾಯಿಂದ ಬಂದ ಕ್ಷಮೆಯೂ ಗಿರಾಕಿಯದೆಂದಾಗುತ್ತದೆ, ಮುಟ್ಟಿಕೊಳ್ಳದಿದ್ದರೆ ಕೈ ಬರೆದದ್ದೂ ನನ್ನದೆಂದಾಗುತ್ತದೆ. ಕೈ ಹಿಡಿದುಕೊಂಡು ಕುಣಿಯುತ್ತ ನಿಂತೆ.

ಇಂದ್ರಾಣಿ ಕೈಯನ್ನೂ ಮುಖವನ್ನೂ ನೋಡಿದಳು. ಬರೆದದ್ದನ್ನು ಅಂಗೈಯಲ್ಲಿ ಒರೆಸಿ ಅದರ ಮೇಲೆ ಬೇರೆ ಬರೆದಳು: ‘ಇನ್ನು ಬಾಯಿ ಬಿಡೋದಿಲ್ಲ. ಹೆಣ್ಣು ಬಾಯಿ ಬಿಟ್ಟು ಹೂಂ ಅನ್ನದೆ ವೀಳ್ಯಶಾಸ್ತ್ರ ಆಗೋದಿಲ್ಲ.’

“ಬೇಡ ಅಂತ ಅವರಿಗೂ ಬರ್ದು ಕೊಟ್ಬಿಡಿ ಮತ್ತೆ,” ಅಂದೆ.

ಅವಳು ಇನ್ನೂ ಆಡುತ್ತಿದ್ದ ನನ್ನ ಬಲಗೈಯತ್ತ ತೋರಿಸಿದಳು. ಮಾತು ಸರಿಯೇ. ನಮ್ಮ ಊರಿನಲ್ಲಿ ಬರೆದದ್ದನ್ನು ಯಾರೂ ಓದುವುದೂ ಇಲ್ಲ, ನಂಬುವುದೂ ಇಲ್ಲ. ಅದಕ್ಕೆ ನನ್ನಂಥವರೇ ಕಾರಣ.

ಅಂದಿನಿಂದ ಅವಳು ತನ್ನದಾಗಿ ಒಂದು ಮಾತೂ ಆಡಲಿಲ್ಲ. ಗಿರಾಕಿಗಳು ಸೋಪು, ಬಕೆಟ್ಟು, ವಿಮೆ ಎಂದು ಅವಳ ಬಾಯಲ್ಲಿ ಹೇಳಿಸುತ್ತಿದ್ದರು, ಅವಳು ಪ್ರತಿ ಸಾರಿಯೂ ತಪ್ಪದೆ ಎಡಗಿವಿ ಮುಟ್ಟಿಕೊಳ್ಳುತ್ತಿದ್ದಳು. ಊರಿನವರು ಇದನ್ನು ನಾಚಿಕೆ ಅಂದರು. “ಮದ್ವೆ ಅಂದ್ರೆ ಹಂಗೇ, ಎಂಥ ಬಾಯಿಬಡುಕಿನೂ ಮೆತ್ತಗಾಗ್ತಾಳೆ,” ಎಂದು ಪುಟ್ಟಗೌರಮ್ಮ ಹೆಮ್ಮೆಪಟ್ಟಳು. ಕೈಯಲ್ಲಿ ಹೊಲಿಗೆ ಇದ್ದರೂ ಕೂತಿದ್ದದ್ದು ಅತ್ತೆಯ ಮನೆಯಲ್ಲಿ, ಎದ್ದು ಹೋಗಲು ಅವಳಿಗೆ ಬೇರೆ ಬಾಗಿಲಿರಲಿಲ್ಲ. ಶಾಸ್ತ್ರದ ದಿನ ಕಚ್ಚಿದ ಹಲ್ಲು ಬಿಡದೆ ಕೂತರೆ ಗೆದ್ದೆ ಎಂದು ನಂಬಿದ್ದಳು. ನಾನೂ ನಂಬಿದ್ದೆ. ಅದರಲ್ಲಿ ನನ್ನ ಪಾಲಿನ ಕೆಲಸ ಏನೂ ಇರಲಿಲ್ಲವಾದ್ದರಿಂದ ನನಗೆ ಆ ಯೋಜನೆ ಬಹಳ ಹಿಡಿಸಿತ್ತು.

ಶಾಸ್ತ್ರ ನಡೆದದ್ದು ಸಂಘದ ಸಭಾಭವನದಲ್ಲಿ, ಬೆಳಿಗ್ಗೆ. ಊರೆಲ್ಲ ಬಂದಿತ್ತು. ಇಂದ್ರಾಣಿಯನ್ನು ಚಾಪೆಯ ಮೇಲೆ ಕೂರಿಸಿ, ಎಲೆ, ಅಡಿಕೆ, ತೆಂಗಿನಕಾಯಿ, ಬಾಳೆಹಣ್ಣು ತುಂಬಿದ ದೊಡ್ಡ ಹಿತ್ತಾಳೆ ತಟ್ಟೆಯನ್ನು ಅವಳ ಎರಡೂ ಕೈಗೆ ಕೊಟ್ಟಿದ್ದರು. ಅಷ್ಟು ಭಾರದ ತಟ್ಟೆ ಹಿಡಿದವರು ಕಿವಿ ಮುಟ್ಟಿಕೊಳ್ಳುವುದಿರಲಿ, ನೊಣ ಓಡಿಸಲೂ ಆಗುವುದಿಲ್ಲ. ಪುಟ್ಟಗೌರಮ್ಮ ಪಕ್ಕದಲ್ಲೇ ಕೂತು, ತಟ್ಟೆ ಇಳಿಯದ ಹಾಗೆ ಅದರ ಅಂಚಿಗೆ ಕೈ ಕೊಟ್ಟಿದ್ದಳು. ಎದುರು ಚಾಪೆಯಲ್ಲಿ ಜರಿ ಪೇಟ ಸುತ್ತಿದ ಹೊಂಬಾಳಯ್ಯ. ನಾನು ಕಂಬದ ಪಕ್ಕ ಅವನ ಹಿಂದೆ ಕೂತಿದ್ದೆ. ಬೇಕೆಂದೇ ಅಲ್ಲಿ ಕೂತೆ ಅನ್ನುವ ಧೈರ್ಯ ನನಗಿಲ್ಲ, ಜಾಗ ಅಲ್ಲೇ ಇತ್ತು.

ಶಾಸ್ತ್ರ ನಡೆಸುತ್ತಿದ್ದವರು ಊರಿನ ಹಿರಿಯರಾದ ಈರಣ್ಣಯ್ಯ. “ಏನಮ್ಮ, ಈ ಸಂಬಂಧಕ್ಕೆ ನಿನ್ನ ಒಪ್ಪಿಗೆ ಅದೆಯಾ?” ಎಂದು ಕೇಳಿದರು.

ಇಂದ್ರಾಣಿ ತಟ್ಟೆ ನೋಡುತ್ತ ಕೂತಳು. ಈರಣ್ಣಯ್ಯ ಮತ್ತೆ ಕೇಳಿದರು. ಅವಳ ದವಡೆ ಬಿಗಿದದ್ದು ನನಗೆ ಅಷ್ಟು ದೂರದಿಂದಲೂ ಕಂಡಿತು. ಸಭೆಯಲ್ಲಿ ಗುಜುಗುಜು ಎದ್ದಿತು. “ನಾಚ್ಕೆ, ನಾಚ್ಕೆ,” ಅಂದಳು ಪುಟ್ಟಗೌರಮ್ಮ.

“ನಾಚ್ಕೆಯಾದ್ರೂ ಬಾಯಲ್ಲಿ ಬರ್ಬೇಕಮ್ಮ. ಬರ್ದಿದ್ರೆ ತಟ್ಟೆ ವಾಪಸ್ಸು,” ಅಂದರು ಈರಣ್ಣಯ್ಯ.

ಆಗ ಹೊಂಬಾಳಯ್ಯ ಶಾಲಿನ ಒಳಗೆ ಫೋನು ತೆಗೆದ. ಹಿಂದೆ ಕೂತಿದ್ದ ನನಗೆ ಅವನ ಹೆಬ್ಬೆರಳು ಕಾಣುತ್ತಿತ್ತು. ಅವನಿಗೆ ಟೈಪು ಮಾಡುವುದು ಅಷ್ಟು ರೂಢಿಯಿಲ್ಲ, ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದ, ತಪ್ಪಾದದ್ದನ್ನು ಅಳಿಸಿ ತಿದ್ದುತ್ತಿದ್ದ. ಸಭೆ ಕಾಯುತ್ತಿತ್ತು. ಕೊನೆಗೆ ಒತ್ತಿದ.

ಇಂದ್ರಾಣಿಯ ಬಾಯಿ ತೆರೆಯಿತು. “ಹೊಂಬಾಳಯ್ಯನವರಂಥ ಸೃಜನಶೀಲ ನಾಯಕರ ಕೈ ಹಿಡಿಯುವುದು ನನ್ನ ಏಳೇಳು ಜನ್ಮದ ಭಾಗ್ಯ ಎಂದು ನಾನು ಮನಃಪೂರ್ವಕವಾಗಿ ಘೋಷಿಸುತ್ತೇನೆ,” ಅಂದಳು.

ಜನ ಚಪ್ಪಾಳೆ ತಟ್ಟಿದರು. ಅವಳು ತಟ್ಟೆ ಇಳಿಸಲು ನೋಡಿದಳು, ಅತ್ತೆ ಬಿಡಲಿಲ್ಲ. ಅವಳ ತಲೆ ಎಡಭುಜದ ಕಡೆಗೆ ಬಾಗಿತು, ಭುಜ ಎತ್ತಿ ಕಿವಿಗೆ ಮುಟ್ಟಿಸಲು ನೋಡಿದಳು, ತಟ್ಟೆಯ ಭಾರಕ್ಕೆ ಭುಜ ಏಳಲಿಲ್ಲ. ನಾನು ಸುತ್ತ ನೋಡಿದೆ. ರವಿಕೆಗೆ ತೋಳು ಎಷ್ಟುದ್ದ ಎಂದು ಕೇಳುವ ಹೆಂಗಸಿನ ಬಾಯಿಂದ ‘ಘೋಷಿಸುತ್ತೇನೆ’ ಹೊರಟರೆ ಅದು ಯಾರದೆಂದು ಅಲ್ಲಿದ್ದವರೆಲ್ಲರಿಗೂ ಗೊತ್ತಾಗಿತ್ತು. ಸೀಬಯ್ಯ ತನ್ನ ಕಾಲ್ಬೆರಳು ನೋಡಿಕೊಳ್ಳುತ್ತಿದ್ದ. ಬೋರಪ್ಪ ಜಂತೆ ನೋಡುತ್ತಿದ್ದ. ಈರಣ್ಣಯ್ಯ ಗಂಟಲು ಸರಿಮಾಡಿಕೊಂಡು, “ಸರಿ ಮತ್ತೆ, ಹೆಣ್ಣು ಬಾಯಿ ಬಿಟ್ಟು ಹೇಳಾಯ್ತು,” ಎಂದು ಹೊಂಬಾಳಯ್ಯನಿಗೆ ತಟ್ಟೆ ಈಸಿಕೊಳ್ಳಲು ಸನ್ನೆ ಮಾಡಿದರು. ಎಲ್ಲರೂ ಎಷ್ಟು ಮರ್ಯಾದಸ್ಥರು! ಇನ್ನು ಅರೆಗಳಿಗೆ ಎಲ್ಲರೂ ಆ ಮರ್ಯಾದೆ ಉಳಿಸಿಕೊಂಡಿದ್ದರೆ ಇಂದ್ರಾಣಿ ಹೊಂಬಾಳಯ್ಯನ ಹೆಂಡತಿ.

ನಾನು ಎದ್ದು ನಿಂತದ್ದು ಹೇಗೆಂದು ನನಗೆ ನೆನಪಿಲ್ಲ. ಕಂಬ ಹಿಡಿದುಕೊಂಡಿದ್ದೆ. ಅವನ ಫೋನು ತೋರಿಸಿದರೆ ಸಾಕೆಂದು ಮೊದಲು ಅನ್ನಿಸಿತು, ಆದರೆ ಅವನು ಆಗಲೇ ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ. ಬೇರೆ ದಾರಿ ಇರಲಿಲ್ಲ.

“ಇಂದ್ರಾಣಿ ಅವ್ರೇ,” ಅಂದೆ. ದನಿ ಕೀರಲಾಗಿ ಬಂತು. “ಈಗ ನೀವಂದಿದ್ದು ನಿಮ್ದಾ, ಗಿರಾಕಿದಾ?”

 ಯಾರೋ ಮಕ್ಕಳ ಕಿವಿ ಮುಚ್ಚಿದರು. “ಥೂ, ಓದಿದೋನ ಬಾಯಲ್ಲಿ ಬರೋ ಮಾತಾ ಇದು!” ಎಂದು ಒಬ್ಬ ಮುದುಕ ಎದ್ದೇ ನಿಂತ. ಆಗಲೇ ಎಲ್ಲೋ ಒಬ್ಬ ಗಿರಾಕಿಗೆ ಬೋರಪ್ಪನ ನಗು ಬೇಕಾಯಿತು. ಬೋರಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕ, ಎಡಗಿವಿ ಮುಟ್ಟಿಕೊಂಡ, ಮತ್ತೆ ನಕ್ಕ.

ಇಂದ್ರಾಣಿ ಎದ್ದಳು. ಕೈಯಲ್ಲಿದ್ದ ತಟ್ಟೆಯನ್ನು ಪುಟ್ಟಗೌರಮ್ಮನ ಮಡಿಲಿಗೆ ದಡಕ್ಕನೆ ಬಿಟ್ಟಳು. ಕೂತವರನ್ನು ದಾಟಿಕೊಂಡು, ಒಬ್ಬರ ಕೈ ತುಳಿದು, ನೇರ ನನ್ನ ಮುಂದೆ ಬಂದು ನಿಂತಳು. ಕಣ್ಣು ಕೆಂಪಾಗಿದ್ದವು. ನಾನು ಏನೋ ಹೇಳಲು ಬಾಯಿ ತೆರೆದೆ. ಕೆನ್ನೆಗೆ ಬಿತ್ತು. ಕನ್ನಡಕ ಈರಣ್ಣಯ್ಯನವರ ಹತ್ತಿರ ಹೋಗಿ ಬಿತ್ತು. ಹೊಲಿಗೆಯವರ ಕೈ ಸಣ್ಣದಿದ್ದರೂ ಗಟ್ಟಿ ಎಂಬುದು ಆಗ ಗೊತ್ತಾಯಿತು.

ಆಮೇಲೆ ಅವಳು ಅತ್ತೆಯನ್ನಾಗಲಿ ಹೊಂಬಾಳಯ್ಯನನ್ನಾಗಲಿ ತಿರುಗಿಯೂ ನೋಡದೆ, ಚಪ್ಪಲಿಯನ್ನೂ ಮೆಟ್ಟದೆ ಬಾಗಿಲು ದಾಟಿ ಹೋದಳು.

“ಏಯ್, ಕರ್ಕೊಂಡು ಬನ್ರೋ ಅವಳ್ನ!” ಎಂದು ಹೊಂಬಾಳಯ್ಯ ಕೂಗಿದ. ಅದು ಅವನದೇ ಮಾತು.

ಈರಣ್ಣಯ್ಯ ನನ್ನ ಕನ್ನಡಕ ಎತ್ತಿ, ಊದಿ, ನನಗೆ ಕೊಟ್ಟು, “ಕರೀಬೇಡಿ,” ಅಂದರು. “ವೀಳ್ಯ ಹಿಡ್ದ ಕೈ ಹೊಡ್ತಕ್ಕೆ ಎದ್ರೆ ಮುಗೀತು, ಶಾಸ್ತ್ರ ಅಲ್ಲಿಗೇ ನಿಂತ್ಹಂಗೆ. ಬಾಯಿ ಯಾರ್ದೋ ಏನೋ, ನಾವು ಕೇಳೋ ಹಂಗಿಲ್ಲ. ಕೈಯಂತೂ ಅವಳ್ದೇ. ಆ ಹುಡುಗಿ ಹೊಡ್ತ ಮಾರೋದಿಲ್ಲ.” ಆಮೇಲೆ, “ಅಡುಗೆ ಆಗ್ಯದೆ. ಊಟ ನಡೀಲಿ,” ಅಂದರು. ಊಟಕ್ಕೆ ಯಾರೂ ಆಕ್ಷೇಪ ಎತ್ತಲಿಲ್ಲ. ಹೊಂಬಾಳಯ್ಯನೇ ಮೊದಲ ಪಂಕ್ತಿಯಲ್ಲಿ ಕೂತು, ಸೋಲು ಹೇಗೆ ಗೆಲುವಿನ ಮೆಟ್ಟಿಲು ಎಂಬ ಬಗ್ಗೆ ಎರಡು ಮಾತಾಡಿದ.

ಇದಾದ ಮೇಲೆ ಪುಟ್ಟಗೌರಮ್ಮ ಕೆಲವು ದಿನ ಅತ್ತು, ಮಹಿಳಾ ವಿಭಾಗದ ಪೀಠ ಕೈತಪ್ಪದೆಂದು ಖಾತ್ರಿಯಾದ ಮೇಲೆ ಸುಮ್ಮನಾದಳು. ಇಂದ್ರಾಣಿ ಹೊಲಿಗೆ ಯಂತ್ರವನ್ನು ಹೊರಿಸಿಕೊಂಡು ಹೋಗಿ ಕೆರೆಬೀದಿಯಲ್ಲಿ ಒಂದು ಕೋಣೆ ಹಿಡಿದಿದ್ದಾಳೆ. ಸರಕನ್ನು ಮಳಿಗೆಯಿಂದ ತೆಗೆದಿದ್ದಾಳೆ, ಆದರೆ ಈಗಾಗಲೇ ಕೊಂಡವರ ಬಳಿ ಅದು ಇದ್ದೇ ಇದೆ. ಆದ್ದರಿಂದ ಸೋಪು, ಬಕೆಟ್ಟು ಇನ್ನೂ ಬರುತ್ತಿರುತ್ತವೆ. ನನ್ನ ಫೋನಿನಲ್ಲಿದ್ದದ್ದನ್ನು ನಾನು ಅಳಿಸಿದೆ. ಊರಿನಲ್ಲಿ ಒಂದಿಷ್ಟು ಜನ ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಅವರೆಲ್ಲ ಅವತ್ತು ಕಾಲ್ಬೆರಳು ನೋಡಿಕೊಳ್ಳುತ್ತಿದ್ದವರು.

ಅವಳು ಉಳಿದವರೊಡನೆ ಮಾತಾಡುತ್ತಾಳೆ. ನನ್ನೊಡನೆ ಆಡಿಲ್ಲ. ಎದುರಾದರೆ ನಿಲ್ಲುತ್ತಾಳೆ, ನಾನೂ ನಿಲ್ಲುತ್ತೇನೆ, ಆಮೇಲೆ ಇಬ್ಬರೂ ನಡೆಯುತ್ತೇವೆ. ಬೋರಪ್ಪ ದಿನವೂ ಪೀಡಿಸುತ್ತಾನೆ: “ಅಲ್ಲ ಮೇಷ್ಟ್ರೇ, ಶಾಸ್ತ್ರ ಮುರೀಲಿ ಅಂತ್ಲೇ ಹೊಡೆದ್ಳು ಅವ್ಳು. ಹೋಗಿ ವೀಳ್ಯ ಇಟ್ಟು ಬನ್ನಿ, ಇನ್ನೇನು ದೇವ್ರೇ ಬಂದು ಹೇಳ್ಬೇಕಾ?” ಸೀಬಯ್ಯ ಹೇಳುವುದು ಬೇರೆ: “ಊರ ಮುಂದೆ ಅಂಥ ಮಾತು ಕೇಳಿದ್ರೆ ಯಾರಾದ್ರೂ ಹೊಡೀತಾರೆ. ನೀವು ಆ ಬೀದಿ ಕಡೆ ಹೋಗ್ದಿದ್ರೇ ಕ್ಷೇಮ.” ಇಬ್ಬರೂ ತಿಳಿದವರೇ. ಅವಳು ಹೊಲಿಗೆಯ ಮುಂದೆ ಕೂತು ನನಗೆ ಹೇಳಿದ ‘ಆಗಲಿ’ ಯಾರದೆಂದು ನಾನು ಕೇಳಿಲ್ಲ, ಇನ್ನು ಕೇಳುವುದೂ ಇಲ್ಲ. ಒಂದು ಸಾರಿ ಕೇಳಿದ್ದೇ ಈ ಜನ್ಮಕ್ಕೆ ಸಾಕು. ಅವಳಿಂದ ನನಗೆ ಬಂದದ್ದರಲ್ಲಿ ಆ ಕೆನ್ನೆಯ ಏಟೊಂದು ಮಾತ್ರ ಅವಳದೇ ಎಂದು ಊರಿಗೆ ಊರೇ ಒಪ್ಪುತ್ತದೆ, ನಾನೂ ಒಪ್ಪುತ್ತೇನೆ. ಆ ಏಟು ‘ಹೋಗು’ ಅಂದದ್ದೋ ‘ಬಾ’ ಅಂದದ್ದೋ, ಅದು ಮಾತ್ರ ನನಗೆ ಗೊತ್ತಿಲ್ಲ.